ಊಟದ ಸಾಲಿನಿಂದ ಶುರು ಮಾಡಿ: ಎಚ್‌ಐವಿ ಕಳಂಕ ಕಳೆಯಲು ಶಾಲೆಯಲ್ಲಿ ನಾಟಕ, ಚಿತ್ರ, ಹಾಡು, ಕೌದಿ

ವಿಶ್ವ ಏಡ್ಸ್ ದಿನವಾದ ಡಿಸೆಂಬರ್ 1 ಹತ್ತಿರ ಬಂತೆಂದರೆ ಪ್ರೌಢಶಾಲೆಗಳ ಗೋಡೆ ಮೇಲೆ ಒಂದೇ ಬಗೆಯ ಚಾರ್ಟುಗಳು ಕಾಣಿಸುತ್ತವೆ. ಕಪ್ಪು ಹಿನ್ನೆಲೆ, ತಲೆಬುರುಡೆ, ಎಲುಬಿನ ಗೂಡಾದ ಮನುಷ್ಯ, ಹೆಡೆಯೆತ್ತಿದ ಹಾವು, ಕೆಳಗೆ ದಪ್ಪಕ್ಷರದಲ್ಲಿ ‘ಏಡ್ಸ್ ಮಹಾಮಾರಿ’. ಚೆನ್ನಾಗಿ ಹೆದರಿಸಿದ ಚಿತ್ರಕ್ಕೆ ಮೊದಲ ಬಹುಮಾನ. ಅದೇ ಗೋಡೆಯ ಮುಂದೆ, ದಿನಾ ರಾತ್ರಿ ಎಚ್‌ಐವಿಯ ಮಾತ್ರೆ ನುಂಗಿ ಮಲಗಿ ಬೆಳಿಗ್ಗೆ ಎಲ್ಲರ ಹಾಗೆ ಜಡೆ ಹಾಕಿಕೊಂಡು ಬಂದ ಹುಡುಗಿಯೊಬ್ಬಳು ನಿಂತಿರಬಹುದು. ಆ ಹಾವು ತಾನೇ ಅನ್ನುವುದು ಅವಳಿಗೆ ಯಾರೂ ಹೇಳದೆಯೇ ತಿಳಿಯುತ್ತದೆ.

ಇಲ್ಲಿ ಹೇಳಿರುವ ಒಂದೊಂದು ಹೆಜ್ಜೆಯೂ ಈ ಹುಡುಗಿಯನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ನಿಮ್ಮ ತರಗತಿಯಲ್ಲಿ ಅಂಥ ಒಂದು ಮಗು ಇದೆ ಎಂದುಕೊಂಡೇ ಯೋಜನೆ ಮಾಡಿ. ಯಾರು ಎಂದು ಮಾತ್ರ ಹುಡುಕಬೇಡಿ. ಇನ್ನೊಂದು ಮಾತು: ಕಲೆ ಇಲ್ಲಿ ರೋಗವನ್ನು ತೋರಿಸಬಾರದು, ನಾವು ಮಾಡುವುದನ್ನು ತೋರಿಸಬೇಕು. ತಟ್ಟೆ ದೂರ ಸರಿಸುವುದು, ಬೆಂಚು ಬದಲಿಸುವುದು, ಬೆನ್ನ ಹಿಂದೆ ಪಿಸುಗುಟ್ಟುವುದು. ವೈರಾಣುವನ್ನು ಮಕ್ಕಳು ಯಾವತ್ತೂ ನೋಡಿರುವುದಿಲ್ಲ. ಇವನ್ನೆಲ್ಲ ದಿನಾ ನೋಡುತ್ತಾರೆ.

ಕೆಳಗಿನ ಲೆಕ್ಕ 8 ಮತ್ತು 9ನೇ ತರಗತಿಯ ಸುಮಾರು 35 ಮಕ್ಕಳಿಗೆ, ವಾರಕ್ಕೊಮ್ಮೆ ಎರಡು ಪೀರಿಯಡ್ ಜೋಡಿಸಿ 80 ನಿಮಿಷದಂತೆ 8 ವಾರ. ದಸರಾ ರಜೆ ಮುಗಿದ ಮೇಲೆ ಹಿಡಿದರೆ ಪರೀಕ್ಷೆಯ ಗಡಿಬಿಡಿಗೆ ಮುಂಚೆ ಮುಗಿಯುತ್ತದೆ. ಡಿಸೆಂಬರ್ 1 ನಡುವೆ ಬಂದರೆ ಬರಲಿ. ಆ ದಿನಕ್ಕೆಂದೇ ಎರಡು ದಿನದಲ್ಲಿ ಕಟ್ಟಿದ ನಾಟಕದಲ್ಲಿ ಮಕ್ಕಳು ಭಾಷಣ ಒಪ್ಪಿಸುತ್ತಾರೆ, ಅಷ್ಟೇ.

ಮಕ್ಕಳಿಗಿಂತ ಮೊದಲು ದೊಡ್ಡವರು

ಮುಖ್ಯ ಶಿಕ್ಷಕರು, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು, ಎಲ್ಲ ಶಿಕ್ಷಕರು, ಮತ್ತು ಮರೆಯದೆ ಬಿಸಿಯೂಟದ ಅಡುಗೆಯವರು: ಇಷ್ಟು ಜನ ಒಂದು ಸಂಜೆ ಒಂದೂವರೆ ಗಂಟೆ ಕೂರಬೇಕು. ಅಡುಗೆಯವರನ್ನು ಬಿಟ್ಟು ಸಭೆ ಮಾಡಿದರೆ ಕೆಲಸ ಅರ್ಧಕ್ಕೆ ನಿಂತ ಹಾಗೆ. ತಾರತಮ್ಯ ಮೊದಲು ಕಣ್ಣಿಗೆ ಬೀಳುವ ಜಾಗ ಊಟದ ಸಾಲೇ.

ತಾಲ್ಲೂಕು ಆಸ್ಪತ್ರೆಯಲ್ಲಿ ಎಚ್‌ಐವಿ ಪರೀಕ್ಷೆ, ಸಮಾಲೋಚನೆ ನಡೆಸುವ ಐಸಿಟಿಸಿ ಕೇಂದ್ರದ ಆಪ್ತ ಸಮಾಲೋಚಕರನ್ನು ಕರೆಸಿ. ಅವರು ಬಿಡಿಸಿ ಹೇಳಬೇಕಾದ ವಿಷಯಗಳಿವು. ಎಚ್‌ಐವಿ ದಾಟುವುದು ಅಸುರಕ್ಷಿತ ಲೈಂಗಿಕ ಸಂಪರ್ಕ, ಸೋಂಕಿನ ರಕ್ತ, ಹಂಚಿಕೊಂಡ ಸೂಜಿ-ಸಿರಿಂಜು, ಮತ್ತು ಗರ್ಭ, ಹೆರಿಗೆ, ಎದೆಹಾಲಿನ ಮೂಲಕ ತಾಯಿಯಿಂದ ಮಗುವಿಗೆ. ಎಂಜಲು, ಬೆವರು, ಕಣ್ಣೀರು, ಶೌಚಾಲಯ, ಒಂದೇ ಲೋಟದಿಂದ ದಾಟುವುದಿಲ್ಲ. ಸೊಳ್ಳೆಯ ಪ್ರಶ್ನೆ ಬಂದೇ ಬರುತ್ತದೆ. ಸೊಳ್ಳೆ ಕಚ್ಚುವಾಗ ಒಳಗೆ ಬಿಡುವುದು ತನ್ನ ಎಂಜಲನ್ನು, ಹಿಂದೆ ಹೀರಿದ ರಕ್ತವನ್ನಲ್ಲ. ಅದರ ಹೊಟ್ಟೆಯಲ್ಲಿ ಈ ವೈರಾಣು ಬೆಳೆಯುವುದೂ ಇಲ್ಲ. ಎಚ್‌ಐವಿಗೆ ಚಿಕಿತ್ಸೆ ಕೊಡುವ ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ 2004ರಿಂದ ಉಚಿತವಾಗಿ ಔಷಧಿ ಸಿಗುತ್ತಿದೆ. 2017ರಿಂದ, ರೋಗನಿರೋಧಕ ಶಕ್ತಿಯನ್ನು ಅಳೆಯುವ ಸಿಡಿ4 ಕಣಗಳ ಎಣಿಕೆ ಎಷ್ಟೇ ಇದ್ದರೂ ಸೋಂಕು ಪತ್ತೆಯಾದ ಎಲ್ಲರಿಗೂ ಚಿಕಿತ್ಸೆ ಶುರು ಮಾಡುತ್ತಾರೆ. ಚಿಕಿತ್ಸೆಯೇ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ದಾಟುವ ಸಾಧ್ಯತೆ ನೂರಕ್ಕೆ 15ರಿಂದ 45. ಸರಿಯಾಗಿ ಚಿಕಿತ್ಸೆ ಸಿಕ್ಕರೆ 5ಕ್ಕಿಂತ ಕಡಿಮೆ.

‘ಗಾಯವಾಗಿ ರಕ್ತ ಬಂದರೆ?’ ಶಿಕ್ಷಕರು ಗಟ್ಟಿಯಾಗಿ ಕೇಳದೆ ಮನಸ್ಸಿನಲ್ಲೇ ಇಟ್ಟುಕೊಳ್ಳುವ ಪ್ರಶ್ನೆ ಇದು. ನೀವೇ ಎತ್ತಿ. ಯಾವ ಮಗುವಿನ ರಕ್ತವಾದರೂ ಗ್ಲೌಸ್ ಹಾಕಿಕೊಂಡು ಒರೆಸುವುದು, ಸೋಪು ನೀರಿನಲ್ಲಿ ತೊಳೆಯುವುದು, ಗಾಯಕ್ಕೆ ಪಟ್ಟಿ ಕಟ್ಟುವುದು. ನಿಯಮ ಎಲ್ಲರಿಗೂ ಒಂದೇ ಆದಾಗ ಯಾರಿಗೆ ಸೋಂಕಿದೆ ಎಂದು ತಿಳಿಯುವ ಅಗತ್ಯವೇ ಬೀಳುವುದಿಲ್ಲ. ಪ್ರಥಮ ಚಿಕಿತ್ಸೆ ಪೆಟ್ಟಿಗೆಯಲ್ಲಿ ಗ್ಲೌಸ್ ಇದೆಯೇ ಎಂದು ಅಂದೇ ತೆಗೆದು ನೋಡಿ.

ಕಾನೂನನ್ನೂ ಆ ಸಭೆಯಲ್ಲೇ ಓದಿ ಹೇಳಿ. ಎಚ್‌ಐವಿ ಮತ್ತು ಏಡ್ಸ್ ಕುರಿತ 2017ರ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೋಂಕಿನ ಕಾರಣಕ್ಕೆ ಶಾಲೆಗೆ ಸೇರಿಸಿಕೊಳ್ಳದಿರುವುದು, ಬೇರೆ ಕೂರಿಸುವುದು, ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎನ್ನುವುದು, ಒಬ್ಬರ ಸ್ಥಿತಿಯನ್ನು ಒಪ್ಪಿಗೆಯಿಲ್ಲದೆ ಬೇರೆಯವರಿಗೆ ಹೇಳುವುದು, ಯಾವುದಕ್ಕೂ ಅವಕಾಶವಿಲ್ಲ.

ಪೋಷಕರಿಗೆ ಎರಡು ವಾರ ಮೊದಲೇ ಚೀಟಿ ಕಳಿಸಿ: ಇಂಥ ತಾರೀಖಿನಿಂದ ಎಚ್‌ಐವಿ ಬಗ್ಗೆ ತರಗತಿ ಮತ್ತು ನಾಟಕ ನಡೆಯುತ್ತದೆ ಎಂದು. ಇದು ಬರಿ ಅನುಮತಿಗಾಗಿ ಅಲ್ಲ. ಸೋಂಕಿರುವ ಎಷ್ಟೋ ಮಕ್ಕಳಿಗೆ ತಮ್ಮ ಸೋಂಕಿನ ವಿಷಯವೇ ಗೊತ್ತಿರುವುದಿಲ್ಲ. ‘ಶಕ್ತಿಗೆ ಮಾತ್ರೆ’, ‘ಕೆಮ್ಮಿಗೆ ಮಾತ್ರೆ’ ಎಂದು ಅಜ್ಜಿಯೋ ಚಿಕ್ಕಮ್ಮನೋ ನುಂಗಿಸುತ್ತಿರುತ್ತಾರೆ. ಶಾಲೆಯ ಗೋಡೆ ನೋಡಿ ಮಗು ತನ್ನ ವಿಷಯ ತಿಳಿಯುವಂತಾಗಬಾರದು. ಮೊದಲೇ ತಿಳಿದರೆ ಮನೆಯವರು ಎಆರ್‌ಟಿ ಕೇಂದ್ರದ ಸಮಾಲೋಚಕರ ಜೊತೆ ಕೂತು ಮಗುವಿಗೆ ಹೇಗೆ ಹೇಳಬೇಕೆಂದು ಯೋಚಿಸಬಹುದು. ಇದೇ ಕಾರಣಕ್ಕೆ ಎಆರ್‌ಟಿ ಮಾತ್ರೆಯ ಡಬ್ಬಿ, ಅದರ ಬಣ್ಣ, ಅದರ ಚಿತ್ರ ನಾಟಕದಲ್ಲೂ ಚಾರ್ಟಿನಲ್ಲೂ ಎಲ್ಲೂ ಬರಬಾರದು.

ಶುರುವಿನ ಅಳತೆ, ಪ್ರಶ್ನೆ ಡಬ್ಬಿ

ಮೊದಲ ವಾರ 8 ವಾಕ್ಯಗಳ ಚೀಟಿ ಕೊಡಿ. ಹೆಸರು ಬೇಡ. ಉತ್ತರ ಹೌದು, ಇಲ್ಲ, ಗೊತ್ತಿಲ್ಲ, ಬರಿ ಗುರುತು ಮಾತ್ರ. ವಾಕ್ಯ ಬರೆಸಿದರೆ ಅಕ್ಷರದಿಂದ ಮಗು ಸಿಕ್ಕಿಬೀಳುತ್ತದೆ. ನಾಲ್ಕು ವಾಕ್ಯ ತಿಳಿವಳಿಕೆಯವು: ‘ಒಂದೇ ಬಾಟಲಿಯಲ್ಲಿ ನೀರು ಕುಡಿದರೆ ಎಚ್‌ಐವಿ ಬರುತ್ತದೆ’ ಎಂಬಂಥವು. ಉಳಿದ ನಾಲ್ಕು ನಡವಳಿಕೆಯವು: ‘ಎಚ್‌ಐವಿ ಇರುವ ಅಕ್ಕ ಬಡಿಸಿದರೆ ನಾನು ಊಟ ಮಾಡುತ್ತೇನೆ’, ‘ಅಂಥ ಗೆಳೆಯನ ಮನೆಗೆ ಆಟಕ್ಕೆ ಹೋಗುತ್ತೇನೆ’. ಇವೆರಡನ್ನೂ ಬೇರೆ ಬೇರೆ ಎಣಿಸಿ. ತಿಳಿವಳಿಕೆಯ ನಾಲ್ಕರಲ್ಲಿ ನಾಲ್ಕೂ ಸರಿ ಹೇಳಿದ ತರಗತಿಯೇ ಊಟದ ಪ್ರಶ್ನೆಯಲ್ಲಿ ಹಿಂದೆ ಸರಿಯುವುದುಂಟು. ಮಡಿ-ಮೈಲಿಗೆಯ ಅಭ್ಯಾಸ ಮಾಹಿತಿ ಕೇಳಿದ ಕೂಡಲೇ ಹೋಗುವಂಥದ್ದಲ್ಲ. ಆ ಅಂತರ ತುಂಬಲಿಕ್ಕೇ ಕಲೆ ಬೇಕಾಗಿರುವುದು.

ಎರಡನೇ ವಾರ ಸಮಾಲೋಚಕರು ಮಕ್ಕಳ ಜೊತೆ ಮಾತಾಡಲಿ. ಒಂದು ರಟ್ಟಿನ ಡಬ್ಬಿ ಇಡಿ. ಪ್ರಶ್ನೆಯಿದ್ದವರು ಮಾತ್ರ ಚೀಟಿ ಹಾಕಿ ಎಂದರೆ ಎದ್ದು ಹೋಗುವವನ ಮೇಲೆ ಎಲ್ಲರ ಕಣ್ಣು ಬೀಳುತ್ತದೆ. ಆದ್ದರಿಂದ 35 ಮಕ್ಕಳೂ ಚೀಟಿ ಹಾಕಬೇಕು. ಕೇಳುವುದಿಲ್ಲದವರು ‘ಪ್ರಶ್ನೆ ಇಲ್ಲ’ ಎಂದು ಬರೆದು ಹಾಕಲಿ.

ಸ್ಟ್ಯಾಚ್ಯೂ ಆಟದಿಂದ ದೃಶ್ಯಕ್ಕೆ

ಸ್ಟ್ಯಾಚ್ಯೂ ಆಟ ಎಲ್ಲ ಮಕ್ಕಳಿಗೂ ಗೊತ್ತು. ಮೂರನೇ ವಾರ ಐದೈದು ಜನರ ಏಳು ಗುಂಪು ಮಾಡಿ, ಮಾತಿಲ್ಲದೆ ಮೈಯಿಂದಲೇ ಒಂದೊಂದು ಚಿತ್ರ ಕಟ್ಟಲು 3 ನಿಮಿಷ ಕೊಡಿ: ‘ಯಾರನ್ನೋ ಹೊರಗಿಟ್ಟ ಒಂದು ಗಳಿಗೆ’. ಎಚ್‌ಐವಿ ಪದವನ್ನು ಇಲ್ಲಿ ತರಬೇಡಿ. ಜಾತಿ, ಬಣ್ಣ, ಬಡತನ, ತೊದಲುವಿಕೆ, ಮುಟ್ಟಿನ ದಿನಗಳು, ಮಕ್ಕಳು ತಮಗೆ ಗೊತ್ತಿರುವುದನ್ನು ತಂದೇ ತರುತ್ತಾರೆ. ಪ್ರತಿ ಚಿತ್ರದ ಸುತ್ತ ಉಳಿದವರು ಒಂದು ಸುತ್ತು ಬರಲಿ. ‘ಇವರಲ್ಲಿ ಯಾರು ಏನೂ ಮಾಡದೆ ಸುಮ್ಮನೆ ನಿಂತಿದ್ದಾರೆ?’ ಎಂಬ ಒಂದೇ ಪ್ರಶ್ನೆ ಕೇಳಿ. ನಾಟಕದಲ್ಲಿ ಮುಖ್ಯವಾಗುವುದು ಆ ಸುಮ್ಮನೆ ನಿಂತವನೇ.

ಮುಂದಿನ ಎರಡು ವಾರ ಬ್ರೆಜಿಲ್‌ನ ಆಗಸ್ಟೊ ಬೋಆಲ್ ರೂಪಿಸಿದ ಫೋರಂ ರಂಗಭೂಮಿಯ ಕ್ರಮದಲ್ಲಿ ದೃಶ್ಯ ಕಟ್ಟಿ. ಕ್ರಮ ಸುಲಭ. 6ರಿಂದ 8 ನಿಮಿಷದ ದೃಶ್ಯ ಕೆಟ್ಟದಾಗಿಯೇ ಮುಗಿಯುತ್ತದೆ. ಎರಡನೇ ಸಲ ಅದನ್ನೇ ಆಡುವಾಗ ನೋಡುಗರಲ್ಲಿ ಯಾರಾದರೂ ‘ನಿಲ್ಲಿಸಿ’ ಎಂದು ಎದ್ದು, ಒಂದು ಪಾತ್ರದ ಜಾಗಕ್ಕೆ ಬಂದು ಬೇರೆ ರೀತಿ ನಡೆದುಕೊಂಡು ತೋರಿಸುತ್ತಾರೆ. ನಡುವೆ ಸೂತ್ರಧಾರ ಇರುತ್ತಾನೆ. ಮೊದಲ ಪ್ರಯೋಗದಲ್ಲಿ ಶಿಕ್ಷಕರೇ ಸೂತ್ರಧಾರರಾಗುವುದು ಒಳ್ಳೆಯದು.

ಊಟದ ಸಾಲಿನ ದೃಶ್ಯದ ಅಸ್ಥಿಪಂಜರ ಹೀಗಿರಬಹುದು. ಜಗಲಿಯಲ್ಲಿ ಮಕ್ಕಳು ತಟ್ಟೆ ಹಿಡಿದು ಕೂರುತ್ತಿದ್ದಾರೆ. ರವಿ ಬಂದು ಸಾಲಿನ ಕೊನೆಗೆ ಕೂರುತ್ತಾನೆ. ಪಕ್ಕದವನು ಒಂದು ಮೊಳ ಸರಿಯುತ್ತಾನೆ.

‘ಏಯ್, ಯಾಕೋ ಸರಿದೆ?’

‘ಅವನ ಪಕ್ಕ ಕೂರಬೇಡ ಅಂತ ನಮ್ಮಮ್ಮ ಹೇಳಿದ್ದಾರೆ.’

‘ಏನಾಗಿದ್ಯಂತೆ?’

ಕಿವಿಯಲ್ಲಿ ಪಿಸುಮಾತು. ಅದು ಸಾಲಿನುದ್ದಕ್ಕೂ ಹರಿದು ಹೋಗುತ್ತದೆ, ಒಬ್ಬೊಬ್ಬರೇ ಸರಿಯುತ್ತಾರೆ. ಅಡುಗೆಯ ಅಕ್ಕ ಸೌಟು ಮೇಲೆತ್ತಿ ದೂರದಿಂದ ಸಾಂಬಾರ್ ಸುರಿಯುತ್ತಾಳೆ. ‘ಮಿಸ್, ಎಲ್ಲರೂ ದೂರ ಹೋಗ್ತಿದಾರೆ’ ಎಂದು ಒಬ್ಬಳು ಹೇಳಿದರೆ ಮಿಸ್ ಪುಸ್ತಕದಿಂದ ತಲೆಯೆತ್ತದೆ ‘ಗಲಾಟೆ ಬೇಡ, ಊಟ ಮಾಡಿ’ ಅನ್ನುತ್ತಾರೆ. ರವಿ ಉಣ್ಣದೆ ಏಳುತ್ತಾನೆ, ತಟ್ಟೆ ತೊಳೆಯುತ್ತಾನೆ, ಹೋಗುತ್ತಾನೆ. ಅಲ್ಲಿಗೆ ಮುಗಿಸಿ. ಅಳು, ಹಿನ್ನೆಲೆ ಸಂಗೀತ, ಕೊನೆಯ ಸಂದೇಶ ಏನೂ ಬೇಡ. ತಟ್ಟೆ ತೊಳೆಯುವುದನ್ನು ಮಾತ್ರ ಪೂರ್ತಿ ಹೊತ್ತು ಆಡಿಸಿ. ಆ ಅರ್ಧ ನಿಮಿಷದ ಮೌನದಲ್ಲಿ ನೋಡುವ ಮಕ್ಕಳು ಯೋಚಿಸಲು ಶುರುಮಾಡುತ್ತಾರೆ.

ಇಲ್ಲಿ ಎಡವುವುದು ಎಲ್ಲಿ ಎಂದು ಗೊತ್ತಿರಲಿ. ಪಾತ್ರದ ಹೆಸರು ಶಾಲೆಯ ಯಾವ ಮಗುವಿನದೂ ಆಗಿರಬಾರದು. ಹಾಜರಿ ಪುಸ್ತಕ ನೋಡಿಯೇ ಹೆಸರಿಡಿ, ರವಿ ಇದ್ದರೆ ಬದಲಿಸಿ. ಪಾತ್ರ ಮಾಡಲು ಒಲ್ಲೆ ಎಂದ ಮಗುವನ್ನು ಯಾಕೆ ಎಂದು ಕೇಳಬೇಡಿ. ತಂದೆ ಇಲ್ಲದ ಮಗುವಿಗೆ, ಸಣಕಲು ಮಗುವಿಗೆ ‘ಈ ಪಾತ್ರಕ್ಕೆ ನೀನೇ ಸರಿ’ ಎಂದು ರವಿಯ ಪಾತ್ರ ಕೊಡಬೇಡಿ. ಎಲ್ಲರಿಗಿಂತ ಗಟ್ಟಿಮುಟ್ಟಾದ, ಆಟದಲ್ಲಿ ಮುಂದಿರುವ ಹುಡುಗನೇ ರವಿಯಾಗಲಿ. ಎಚ್‌ಐವಿ ಇರುವವರು ಬಡಕಲಾಗಿಯೇ ಇರುತ್ತಾರೆಂಬ ಕಲ್ಪನೆಯೂ ಅದರಿಂದ ಹೋಗುತ್ತದೆ.

ನೋಡುಗರು ಕೇಳುವ ಮೊದಲ ಪ್ರಶ್ನೆ ‘ರವಿಗೆ ಹೇಗೆ ಬಂತು?’ ದೃಶ್ಯದಲ್ಲಿ ಅದಕ್ಕೆ ಉತ್ತರವೇ ಇರಬಾರದು. ತಾಯಿಯಿಂದ ಬಂತು ಎಂದು ಬರೆದ ಕೂಡಲೇ ‘ಪಾಪ, ಇವನದೇನೂ ತಪ್ಪಿಲ್ಲ’ ಎಂಬ ಮಾತು ಹುಟ್ಟುತ್ತದೆ. ಅದರ ಬೆನ್ನಿಗೆ, ತಪ್ಪಿರುವವರು ಬೇರೆ ಇದ್ದಾರೆ, ಅವರನ್ನು ದೂರವಿಟ್ಟರೆ ಸರಿ ಎಂಬ ಮಾತೂ ಬರುತ್ತದೆ. ಸೂತ್ರಧಾರ ಹೀಗೆ ಹೇಳಲಿ: ‘ಹೇಗೆ ಬಂತು ಅಂತ ಗೊತ್ತಾದರೆ ಪಕ್ಕದಲ್ಲಿ ಕೂರೋದರಲ್ಲಿ ಏನು ಬದಲಾಗುತ್ತೆ?’

ಯಾರ ಜಾಗಕ್ಕೆ ಬರಬಹುದು ಎನ್ನುವುದರಲ್ಲಿ ನಿಯಮ ಕಟ್ಟುನಿಟ್ಟಾಗಿರಲಿ. ಫೋರಂ ರಂಗಭೂಮಿಯಲ್ಲಿ ಸಾಮಾನ್ಯವಾಗಿ ತುಳಿತಕ್ಕೊಳಗಾದವನ ಜಾಗಕ್ಕೇ ಬರುತ್ತಾರೆ. ಈ ವಿಷಯದಲ್ಲಿ ಹಾಗೆ ಮಾಡದಿರುವುದೇ ಸರಿ. ರವಿಯ ಜಾಗಕ್ಕೆ ಬಂದವರು ‘ಹೌದು, ನನಗೆ ಎಚ್‌ಐವಿ ಇದೆ, ಏನೀಗ?’ ಎಂದು ಅಬ್ಬರಿಸಿ ಚಪ್ಪಾಳೆ ಗಿಟ್ಟಿಸುತ್ತಾರೆ. ಮನೆಯಲ್ಲಿ ಗುಟ್ಟು ಕಾಯುತ್ತಿರುವ ಮಗುವಿಗೆ ಅದರಿಂದ ಸಿಗುವ ಪಾಠ, ಧೈರ್ಯವಿದ್ದರೆ ನೀನೂ ಹೇಳಿಬಿಡು ಎನ್ನುವುದು. ಹೊರೆ ಆ ಮಗುವಿನ ಮೇಲೆ ಬೀಳಬಾರದು. ಬದಲಾಗಬೇಕಾದವರು ಪಕ್ಕದವನು, ಪಿಸುಗುಟ್ಟಿದವಳು, ಅಕ್ಕ, ಮಿಸ್. ಇವರ ಜಾಗಕ್ಕೆ ಮಾತ್ರ ಬನ್ನಿ ಎನ್ನಿ.

ಬಂದವರು ಪವಾಡ ಮಾಡಿಬಿಟ್ಟರೆ, ಅಂದರೆ ಒಂದು ಮಾತಿಗೆ ಎಲ್ಲರೂ ಒಳ್ಳೆಯವರಾಗಿಬಿಟ್ಟರೆ, ‘ನಮ್ಮ ಜಗಲೀಲಿ ಹೀಗಾಗುತ್ತಾ?’ ಎಂದು ನೋಡುಗರನ್ನು ಕೇಳಿ. ಉಳಿದ ಪಾತ್ರಧಾರಿಗಳು ಸುಲಭಕ್ಕೆ ಒಪ್ಪಬಾರದು. ‘ನಮ್ಮಮ್ಮ ಬೈತಾರೆ ಕಣೋ’ ಎಂಬ ಮಾತಿಗೆ ಉತ್ತರ ಹುಡುಕುವಾಗಲೇ ಮಕ್ಕಳು ನಿಜವಾಗಿ ಕಲಿಯುವುದು. ಪಕ್ಕದವನ ಜಾಗಕ್ಕೆ ಬಂದು, ಒಂದೂ ಮಾತಾಡದೆ, ಸರಿದ ಜಾಗಕ್ಕೆ ತಟ್ಟೆ ಎತ್ತಿಕೊಂಡು ವಾಪಸ್ ಬಂದು ಕೂರುವುದು ಇಂಥ ಒಂದು ಉತ್ತರ. ಒಂದು ಪ್ರಯೋಗಕ್ಕೆ ಐದಾರು ಪ್ರಯತ್ನ ಸಾಕು.

ಮುಗಿದ ಮೇಲೆ ಪಾತ್ರ ಕಳಚಲೇಬೇಕು. ಎಲ್ಲರೂ ವೃತ್ತವಾಗಿ ನಿಂತು, ಪಾತ್ರದ ಗುರುತಿಗೆಂದು ಹಾಕಿಕೊಂಡ ಶಾಲು-ಟೋಪಿ ನಡುವೆ ಇಟ್ಟು, ತಮ್ಮ ನಿಜವಾದ ಹೆಸರು ಮತ್ತು ಇಷ್ಟದ ತಿಂಡಿ ಹೇಳಲಿ. ಮರುದಿನ ಆ ಹುಡುಗನನ್ನು ಯಾರಾದರೂ ‘ರವಿ’ ಎಂದು ಕೂಗಿದರೆ ಅಲ್ಲೇ ತಡೆಯಿರಿ.

ಚಾರ್ಟು, ಪದಗಳು

ಚಿತ್ರ ಬಿಡಿಸುವ ದಿನ ಮೂರು ನಿಷೇಧ ಹೇಳಿ: ಬುರುಡೆ, ರಾಕ್ಷಸ, ಸಾವು ಇಲ್ಲ. ಆಗ ಮಕ್ಕಳು ‘ಹಾಗಾದ್ರೆ ಏನು ಬಿಡಿಸೋದು?’ ಎಂದು ಕೂರುತ್ತಾರೆ. ಅಲ್ಲಿ ಕೈ ಹಿಡಿದು ದಾರಿ ತೋರಿಸಿ. ಒಂದು ಚಾರ್ಟಿಗೆ ಒಂದು ಜಾಗ, ಒಂದು ಕೆಲಸ: ಕಬಡ್ಡಿಯಲ್ಲಿ ಹಿಡಿದ ಕೈ, ಒಂದೇ ಬಾಟಲಿ ದಾಟಿಸುವ ಇಬ್ಬರು, ಬಸ್ಸಿನ ಸೀಟು. ಯಾರಿಗೆ ಸೋಂಕಿದೆ ಎಂದು ಚಿತ್ರ ನೋಡಿ ಹೇಳಲು ಬರಬಾರದು. ಬಂದರೆ ಆ ಚಿತ್ರ ಕೆಟ್ಟಿತು.

ಅಡಿಬರಹದಲ್ಲಿ ‘ಏಡ್ಸ್ ರೋಗಿ’ ಬೇಡ, ‘ಎಚ್‌ಐವಿ ಜೊತೆ ಬದುಕುತ್ತಿರುವವರು’ ಎನ್ನಿ. ಎಚ್‌ಐವಿ ಎಂದರೆ ವೈರಾಣು. ಚಿಕಿತ್ಸೆ ಸಿಗದೆ ದೇಹದ ರೋಗನಿರೋಧಕ ಶಕ್ತಿ ಕುಸಿದಾಗಿನ ಸ್ಥಿತಿ ಏಡ್ಸ್. ಎರಡೂ ಒಂದೇ ಅಲ್ಲ. ‘ಮಾರಕ’, ‘ಬಲಿ’, ‘ಪಾಪ’ ಎಂಬ ಪದಗಳನ್ನೂ ತೆಗೆಸಿ. ಬಹುಮಾನ ಇಡಬೇಡಿ. ಸ್ಪರ್ಧೆ ಎಂದ ಕೂಡಲೇ ಮಕ್ಕಳು ಮತ್ತೆ ಹಾವು ಬಿಡಿಸುತ್ತಾರೆ.

ಹಾಡು

ಉತ್ತರ ಕರ್ನಾಟಕದ ಶಾಲೆಗಳಿಗೆ ಗೀಗೀ ಪದ ಕೈಯಳತೆಯಲ್ಲೇ ಇದೆ. ದಪ್ಪು, ತುಂತುಣಿ, ತಾಳ, ಜೊತೆಗೆ ಹಿಮ್ಮೇಳ. ಗಂಡು ಹೆಚ್ಚೆನ್ನುವ ಹರದೇಶಿ, ಹೆಣ್ಣು ಹೆಚ್ಚೆನ್ನುವ ನಾಗೇಶಿ, ಈ ಎರಡು ಪಕ್ಷಗಳ ಸವಾಲು-ಜವಾಬಿನ ವರಸೆ ಈ ವಿಷಯಕ್ಕೆ ಹೇಳಿ ಮಾಡಿಸಿದಂತಿದೆ. ಒಂದೇ ಎಚ್ಚರ: ಜನಕ್ಕೆ ನೆನಪುಳಿಯುವುದು ಮತ್ತೆ ಮತ್ತೆ ಹಾಡುವ ಸಾಲು. ‘ಎಂಜಲಿಂದ ಬರ್ತದಂತ’ ಎಂಬ ಸುಳ್ಳನ್ನು ಸವಾಲಾಗಿ ಹತ್ತು ಸಲ ಹಾಡಿದರೆ ಊರಿಗೆ ಹೋಗುವುದು ಆ ಸುಳ್ಳೇ. ಸವಾಲಿನಲ್ಲಿ ಸುಳ್ಳು ಇರದಂತೆ ಕಟ್ಟಿ:

ಒಂದ ತಾಟಿನ್ಯಾಗ ಉಂಡ್ರ ಏನಾಕ್ಕೈತಿ, ಹೇಳವ್ವ ತಂಗಿ?
ಹೊಟ್ಟಿ ತುಂಬತೈತಿ ಅಣ್ಣ, ಜೀವ ತಣ್ಣಗಾಕ್ಕೈತಿ.

ಮಗು ಬಂದು ಹೇಳಿದರೆ

ನಾಟಕ ಮುಗಿದ ವಾರ ಒಂದು ಮಗು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಲ್ಲಬಹುದು. ‘ಮಿಸ್, ನಮ್ಮಮ್ಮಂಗೆ...’ ಎಂದು ಅರ್ಧಕ್ಕೆ ನಿಲ್ಲಿಸಬಹುದು. ಪಕ್ಕಕ್ಕೆ ಕರೆದು ಕೇಳಿ. ‘ಹೇಳಿದ್ದು ಒಳ್ಳೇದಾಯ್ತು. ನಿನ್ನನ್ನ ಕೇಳದೆ ಈ ಮಾತು ಸ್ಟಾಫ್ ರೂಮಿಗೆ ಹೋಗಲ್ಲ’ ಎನ್ನಿ. ‘ಯಾವತ್ತೂ ಯಾರಿಗೂ ಹೇಳಲ್ಲ’ ಎಂದು ಆಣೆ ಇಡಬೇಡಿ. ಮಗುವಿನ ಮೇಲೆ ದೌರ್ಜನ್ಯ ನಡೆದಿರುವುದು ತಿಳಿದರೆ ನೀವು ವರದಿ ಮಾಡಲೇಬೇಕಾಗುತ್ತದೆ, ಅದಕ್ಕೆ ಮಕ್ಕಳ ಸಹಾಯವಾಣಿ 1098 ಇದೆ. ಎಚ್‌ಐವಿ ಬಗ್ಗೆ ಮಾತಾಡಲು ಉಚಿತ ಸಹಾಯವಾಣಿ 1097. ಹಾಜರಿ ಪುಸ್ತಕದಲ್ಲಿ, ಡೈರಿಯಲ್ಲಿ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಏನನ್ನೂ ಬರೆಯಬೇಡಿ. ಎಆರ್‌ಟಿ ಕೇಂದ್ರಕ್ಕೆ ಹೋದ ದಿನದ ಗೈರುಹಾಜರಿಗೆ ಕಾರಣ ಕೆದಕಬೇಡಿ.

ಎಚ್‌ಐವಿ ಇರುವ ಅತಿಥಿಯನ್ನು ಕರೆಸುವ ಆಸೆ ಹಲವರಿಗಿರುತ್ತದೆ. ಅವರೇ ಮುಂದೆ ಬಂದರೆ, ಅದೂ ಬೇರೆ ಊರಿನವರಾದರೆ, ಸಮಾಲೋಚಕರ ಮೂಲಕ ಕರೆಸಿ. ಫೋಟೋ, ವಿಡಿಯೊ ಬೇಡ.

ಕೌದಿ

1987ರಲ್ಲಿ ಅಮೆರಿಕದ ವಾಷಿಂಗ್ಟನ್‌ನಲ್ಲಿ ಏಡ್ಸ್‌ನಿಂದ ತೀರಿಕೊಂಡವರ ಹೆಸರು ಹೊಲಿದ ಬಟ್ಟೆಗಳನ್ನು ಜೋಡಿಸಿ ಬಯಲಿನಲ್ಲಿ ಹಾಸಿದ್ದರು. ಒಂದೊಂದೂ 3 ಅಡಿ ಅಗಲ, 6 ಅಡಿ ಉದ್ದ. ನಮ್ಮಲ್ಲಿ ಕೌದಿ ಹೊಲಿಯುವ ಅಜ್ಜಿಯಂದಿರು ಇನ್ನೂ ಇದ್ದಾರೆ. ಶಾಲೆಯಲ್ಲಿ ಹೆಸರು ಹೊಲಿಯುವುದು ಬೇಡ, ಊರು ಊಹಿಸಲು ಶುರುಮಾಡುತ್ತದೆ. ಪಕ್ಕದಲ್ಲಿ ಕೂರಲು ಕರೆಯುವ ಒಂದು ಗುರುತನ್ನು ಹೊಲಿಸಿ: ಚಾಪೆ, ತಟ್ಟೆ, ಅಂಗೈ.

35 ಮಕ್ಕಳಿಗೆ 35 ತುಂಡು, ಐದರ ಏಳು ಸಾಲು. ತಲಾ 13 ಇಂಚಿನ ಚೌಕ ಕತ್ತರಿಸಿ. ನಾಲ್ಕೂ ಕಡೆ ಅರ್ಧ ಇಂಚು ಹೊಲಿಗೆಗೆ ಹೋಗಿ 12 ಇಂಚು ಉಳಿಯುತ್ತದೆ. ಸಿಗುವುದು 5 ಅಡಿಗೆ 7 ಅಡಿಯ ಕೌದಿ. ಒಳಗೆ ಎರಡು ಪದರ ಹಳೆ ಹತ್ತಿ ಸೀರೆ, ಕೆಳಗೆ ಒಂದು ಗಟ್ಟಿ ಬಟ್ಟೆ. ನೈಲಾನ್ ಸೀರೆ ಬೇಡ, ಜಾರುತ್ತದೆ, ಹೊಲಿಗೆ ನಿಲ್ಲುವುದಿಲ್ಲ. ಬಣ್ಣ ಬಿಡುವ ತುಂಡನ್ನು ಮೊದಲೇ ಒಗೆದು ನೋಡಿ. ಪದರಗಳು ಸರಿಯದಂತೆ ಉದ್ದುದ್ದ ಟಾಕು ಹಾಕಿಕೊಂಡು, ಅಂಚಿನಿಂದ ಒಳಗೆ, ಸಾಲಿಗೂ ಸಾಲಿಗೂ ಒಂದು ಇಂಚು ಬಿಟ್ಟು ಹೊಲಿಯುತ್ತ ಬನ್ನಿ. ಒಂದು ಸಲಕ್ಕೆ ಎಂಟು ಮಕ್ಕಳು ಸುತ್ತ ಕೂರಬಹುದು. ಒಬ್ಬರಿಗೆ ಒಂದು ಸೂಜಿ, ಎಣಿಸಿ ಕೊಟ್ಟು ಎಣಿಸಿ ವಾಪಸ್ ತಗೊಳ್ಳಿ. ಚುಚ್ಚಿಕೊಂಡರೆ ಸೋಪು ನೀರು, ಪಟ್ಟಿ, ಯಾರಿಗಾದರೂ ಅದೇ ನಿಯಮ.

ಮೊದಲ ವಾರದ 8 ವಾಕ್ಯಗಳ ಚೀಟಿಯನ್ನು ಕೊನೆಯ ವಾರ ಒಮ್ಮೆ, ಆರು ವಾರ ಬಿಟ್ಟು ಇನ್ನೊಮ್ಮೆ ಕೊಡಿ. ಆದರೂ ಚೀಟಿಗಿಂತ ಜಗಲಿಯನ್ನು ಹೆಚ್ಚು ನಂಬಿ. ಐದು ದಿನ ಊಟದ ಹೊತ್ತಿಗೆ ನಿಂತು ನೋಡಿ: ಸಾಲಿನಲ್ಲಿ ಖಾಲಿ ಜಾಗ ಬಿಟ್ಟು ಕೂತವರು ಯಾರು, ಪ್ರತಿದಿನ ಅದೇ ಮಗುವೇ ಕೊನೆಯಲ್ಲಿದೆಯೇ. ಕೌದಿಯನ್ನು ಮುಖ್ಯ ಶಿಕ್ಷಕರ ಕೋಣೆಯ ಬೀರುವಿಗೆ ಸೇರಿಸದೆ ಆ ಜಗಲಿಯಲ್ಲೇ ಹಾಸಿ, ದಿನಕ್ಕೊಂದು ಗುಂಪು ಅದರ ಮೇಲೆ ಕೂತು ಉಣ್ಣಲಿ. ಸಾಂಬಾರ್ ಚೆಲ್ಲಿದರೆ ಅಂದೇ ತಣ್ಣೀರಿನಲ್ಲಿ ಉಜ್ಜಿ. ಬಿಸಿಲಲ್ಲಿ ಒಣಹಾಕುವಾಗ ಚಿತ್ರದ ಮಗ್ಗುಲು ಕೆಳಗಿರಲಿ, ಬಣ್ಣ ಮಾಸುವುದಿಲ್ಲ.